ಲಿನಕ್ಸ್ ಪೆಟ್ಟಿಗೆಯೂ ಭಾವನ ಕೆಂಪು ಚುಕ್ಕೆಯೂ

ನಮ್ಮ ಭಾವ ಯಾರನ್ನೂ ನಂಬುವುದಿಲ್ಲ. ಇದನ್ನು ನಾನು ದೂರು ಅಂತ ಹೇಳುತ್ತಿಲ್ಲ, ಅವರ ಕಸುಬೇ ಹಾಗೆ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ ಅವರದು. ರಿಪೇರಿಯಾದ ಮಿಕ್ಸಿ ತಗೊಂಡು ಹೋದ ಗಿರಾಕಿ ಒಂದಲ್ಲ ಒಂದು ದಿನ ತಿರುಗಿ ಬಂದು, "ಒಳಗಿನ ಮೋಟರ್ ನಮ್ಮದಲ್ಲ, ಬದಲಾಯಿಸಿದ್ದೀರಿ" ಎನ್ನುತ್ತಾನೆ. ಆ ಮಾತು ಕೇಳಿ ಕೇಳಿ ಬೇಸತ್ತು ಭಾವ ಒಂದು ಉಪಾಯ ಹೂಡಿದರು. ಬಿಚ್ಚಿ ಹಾಕಿದ ಪ್ರತಿ ಸ್ಕ್ರೂ ಮೇಲೆ, ಮೋಟರಿನ ಹೊಟ್ಟೆಯ ಮೇಲೆ, ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ. ಚುಕ್ಕೆ ಒಡೆದಿದ್ದರೆ ಯಾರೋ ಬಿಚ್ಚಿದ್ದಾರೆ. ಚುಕ್ಕೆಯೇ ಇಲ್ಲದಿದ್ದರೆ ಯಾರೋ ಬದಲಾಯಿಸಿದ್ದಾರೆ. ಈ ಏರ್ಪಾಟಿನಲ್ಲಿ ತಪ್ಪೇನಿಲ್ಲ ಎಂದು ನಾನೂ ಒಪ್ಪುತ್ತೇನೆ.

ಆದರೆ ಚುಕ್ಕೆ ಅಂಗಡಿಯಲ್ಲೇ ನಿಲ್ಲಲಿಲ್ಲ, ಮನೆಗೆ ಬಂತು. ಗ್ಯಾಸ್ ಸಿಲಿಂಡರಿಗೆ ಒಂದು, ಛತ್ರಿಯ ಹಿಡಿಗೆ ಒಂದು, ಪಕ್ಕದ ಮನೆಗೆ ಸಕ್ಕರೆ ಹಾಕಿ ಕಳಿಸುವ ಲೋಟದ ತಳಕ್ಕೆ ಒಂದು. ನಾನು ಶಾಲಾ ವ್ಯಾನ್ ಓಡಿಸುವವನು. ಒಂದು ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ವ್ಯಾನಿನ ಕೀಲಿಕೈ ಮೇಜಿನ ಮೇಲಿಟ್ಟಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಅದಕ್ಕೂ ಚುಕ್ಕೆ ಬಿದ್ದಿತ್ತು.

"ಇದೇನು ಭಾವ" ಎಂದೆ.

"ನಿನ್ನ ಒಳ್ಳೇದಕ್ಕೇ ಕಣೋ" ಎಂದರು.

ಅಕ್ಕ ಮದುವೆಯಾದ ಹೊಸದರಲ್ಲಿ ಆಸೆಪಟ್ಟು ತಂದುಕೊಂಡಿದ್ದ ನೇಲ್ ಪಾಲಿಶ್ ಬಾಟಲಿ ಮೊದಲ ವಾರವೇ ಅಂಗಡಿ ಸೇರಿತು. ಆಮೇಲೆ ತಂದದ್ದೂ ಅಲ್ಲಿಗೇ ಹೋಯಿತು. ಇಡೀ ಬೀದಿಯಲ್ಲಿ ಅತಿ ಹೆಚ್ಚು ನೇಲ್ ಪಾಲಿಶ್ ಕೊಳ್ಳುವ ಮನೆ ಅದು. ಆ ಮನೆಯಲ್ಲಿ ಒಂದೇ ಒಂದು ಉಗುರಿಗೂ ಬಣ್ಣವಿಲ್ಲ.

ಅಕ್ಕ ಮನೆಯಲ್ಲೇ ಕೂತು ಟೈಪಿಂಗ್ ಮಾಡುತ್ತಾಳೆ. ಅವಳ ದೊಡ್ಡ ಕೆಲಸವೆಂದರೆ ನಮ್ಮ ಶಾಲೆಯ ಪ್ರಶ್ನೆಪತ್ರಿಕೆ. ಅದೊಂದು ಕೆಲಸದಿಂದಲೇ ಅವಳು ಬೀದಿಯಲ್ಲಿ 'ಮಿಕ್ಸಿಯವರ ಹೆಂಡತಿ' ಆಗದೆ 'ಟೈಪಿಂಗ್ ಮೇಡಂ' ಆಗಿದ್ದಾಳೆ. ಹೋದ ಪರೀಕ್ಷೆಯ ಹೊತ್ತಿಗೆ ಅವಳ ಹಳೆಯ ಕಂಪ್ಯೂಟರಿಗೆ ಎಲ್ಲಿಂದಲೋ ವೈರಸ್ ಬಂದು, ಗಣಿತದ ಪತ್ರಿಕೆಯ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿ ಅಚ್ಚಾದವು. ಮಕ್ಕಳು ಚೌಕಗಳಿಗೂ ಉತ್ತರ ಬರೆದರು ಎನ್ನುವುದು ಬೇರೆ ಮಾತು. ಅದಾದ ಒಂದು ವಾರಕ್ಕೆ ಆ ಕಂಪ್ಯೂಟರು ಪೂರ್ತಿ ಸತ್ತಿತು.

ಶಾಲೆಯ ಹೆಡ್‌ಮೇಡಂ ಅಕ್ಕನನ್ನು ಕರೆಸಿ ಹೇಳಿದರು: "ಹೊಸ ಕಂಪ್ಯೂಟರ್ ತಗೊಳ್ಳಿ. ಅದರಲ್ಲಿ ಕದ್ದ ಸಾಫ್ಟ್‌ವೇರ್ ಒಂದೂ ಇರಬಾರದು. ನಮ್ಮ ಶಾಲೇಲಿ ಕಂಪ್ಯೂಟರ್ ನಡೆಸೋಕೆ ಲಿನಕ್ಸ್ ಹಾಕ್ಸಿದೀವಿ, ನೀವೂ ಅದನ್ನೇ ಹಾಕ್ಸಿ. ಮುಂದಿನ ಸೋಮವಾರ ಬಂದು ನೋಡ್ತೀನಿ. ಕಷ್ಟ ಅಂದ್ರೆ ಈಗಲೇ ಹೇಳಿ, ಬಸ್ ನಿಲ್ದಾಣದ ಹತ್ರ ಜೆರಾಕ್ಸ್ ಅಂಗಡಿಯವನು ಕೆಲಸ ಕೊಡಿ ಅಂತ ಕೇಳ್ತಾನೇ ಇದ್ದಾನೆ."

ಅಕ್ಕ ಕಷ್ಟವಿಲ್ಲ ಎಂದು ಬಂದಳು. ಭಾವ ಆ ಸಂಜೆಯೇ, "ಸಾಮಾನೆಲ್ಲ ನಾನೇ ನೋಡಿ ತರ್ತೀನಿ, ನೀನು ಸುಮ್ಮನಿರು" ಎಂದರು. ಕಷ್ಟ ಶುರುವಾದದ್ದು ಅಲ್ಲಿಂದ.

ಶಾಲೆಯ ಕಂಪ್ಯೂಟರ್ ಮೇಷ್ಟ್ರನ್ನು ನಾನೇ ವ್ಯಾನಿನಲ್ಲಿ ಕೂರಿಸಿಕೊಂಡು ಬಂದೆ. ಒಳ್ಳೆಯ ಮನುಷ್ಯ, ಆದರೆ ಮಾತು ಎಲ್ಲಿಂದ ಶುರು ಮಾಡಬೇಕು ಎನ್ನುವುದು ಗೊತ್ತಿಲ್ಲ. ಕೂತವರೇ, "ಲಿನಕ್ಸ್ ಬಿಟ್ಟಿ ಸಿಗುತ್ತೆ" ಎಂದುಬಿಟ್ಟರು.

ಭಾವನ ಕಿವಿ ನೆಟ್ಟಗಾದವು. "ಯಾರು ಕೊಡೋದು?"

"ಲೋಕದಲ್ಲೆಲ್ಲ ಇರೋ ಜನ. ಸಾವಿರಾರು ಮಂದಿ ಕೂತು ಬರೀತಾರೆ, ಹಾಗೇ ಕೊಡ್ತಾರೆ."

"ಅವರಿಗೆ ಬೇರೆ ಕೆಲಸ ಇಲ್ವಾ?"

"ಇದೆ. ಇದನ್ನೂ ಮಾಡ್ತಾರೆ."

"ನಮ್ಮ ವಿಳಾಸ ಕೊಡಬೇಕಾ?"

"ಬೇಡ."

"ಹೆಸರು?"

"ಅದೂ ಬೇಡ."

ಭಾವ ನನ್ನ ಕಡೆ ತಿರುಗಿದರು. "ಹೆಸರೂ ಕೇಳದೆ ಬಿಟ್ಟಿ ಕೊಡ್ತಾರಂತೆ. ಕೇಳಿಸ್ಕೊಂಡ್ಯಾ?"

ಮೇಷ್ಟ್ರಿಗೆ ಬೆವರು ಬಂತು. "ಇಲ್ಲಿ ಮುಚ್ಚುಮರೆ ಏನೂ ಇಲ್ಲ ಸ್ವಾಮಿ. ಲಿನಕ್ಸ್ ಒಳಗೆ ಏನು ಬರೆದಿದ್ದಾರೆ ಅಂತ ಯಾರು ಬೇಕಾದ್ರೂ ಓದಿ ನೋಡಬಹುದು. ಎಲ್ಲಾನೂ ತೆರೆದಿಟ್ಟಿದ್ದಾರೆ."

ಭಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಮುಚ್ಚಳ ತೆಗೆದಿಟ್ಟು 'ಬೇಕಾದರೆ ನೋಡಿಕೋ' ಎನ್ನುವ ವಸ್ತು ಲೋಕದಲ್ಲಿ ಒಂದಾದರೂ ಇದೆ ಎಂದು ಅವರಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅವರ ಮುಖ ಮೆತ್ತಗಾಯಿತು. ಒಂದು ಕ್ಷಣ ಅವರು ನಂಬುವ ಮನುಷ್ಯನ ಹಾಗೆ ಕಂಡರು. ಮೇಷ್ಟ್ರು ಅಲ್ಲಿಗೆ ಎದ್ದು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವರು ಮುಂದುವರಿಸಿದರು.

"ಆದರೆ ಯಂತ್ರದ ಭಾಗ ಮಾಡೋ ಕಂಪನಿಗಳು ಹಾಗಲ್ಲ. ಕೆಲವರು ತಮ್ಮ ಚಿಪ್ ಹೇಗೆ ಕೆಲಸ ಮಾಡುತ್ತೆ ಅಂತ ಹೇಳೋದೇ ಇಲ್ಲ. ಅಂಥದ್ದು ಲಿನಕ್ಸ್ ಜೊತೆ ಹೊಂದಲ್ಲ. ನೋಡಿ ತಗೋಬೇಕು. ಗ್ರಾಫಿಕ್ಸ್‌ಗೆ ಅಂತ ಬೇರೆ ಕಾರ್ಡ್ ಬೇಡ, ಪ್ರೊಸೆಸರ್ ಒಳಗೇ ಅದು ಸೇರಿರೋದು ತಗೊಳ್ಳಿ. ಪ್ರಿಂಟರ್ ನಿಮ್ಮ ಹಳೇದೇ ನಡೆಯುತ್ತೆ. ವೈಫೈ ಕಾರ್ಡ್ ಒಂದು ಮಾತ್ರ ಹುಷಾರು. ಅದೇ ಹೆಸರು, ಅದೇ ಡಬ್ಬಿ ಇರುತ್ತೆ, ಒಳಗಿನ ಚಿಪ್ ಬದಲಾಯಿಸಿರ್ತಾರೆ. ಹಳೇ ಮಾಲು ನಡೆಯುತ್ತೆ, ಹೊಸ ಮಾಲು ನಡೆಯಲ್ಲ."

"ಒಳಗಿನದು ಬದಲಾಯಿಸಿರ್ತಾರೆ" ಎಂದರು ಭಾವ, ನಿಧಾನವಾಗಿ.

"ಹೌದು."

"ಡಬ್ಬಿ ಅದೇ."

"ಅದೇ."

ಭಾವ ಅಕ್ಕನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಜೀವಮಾನವಿಡೀ ನಡೆಸಿದ ಮೊಕದ್ದಮೆಯಲ್ಲಿ ಕೊನೆಗೂ ಗೆದ್ದವನ ಹಾಗಿತ್ತು. ಅಕ್ಕ ಮೇಷ್ಟ್ರ ಕಡೆ ನೋಡಿದಳು. ಆ ನೋಟವನ್ನು ನಾನು ಬರೆಯುವುದಿಲ್ಲ.

ಹೋಗುವ ಮುಂಚೆ ಮೇಷ್ಟ್ರು ಇನ್ನೆರಡು ಮಾತು ಹೇಳಿದರು. ಒಂದು, "ಜೋಡಿಸೋಕೆ ಭಾನುವಾರ ನಾನೇ ಬರ್ತೀನಿ." ಎರಡು, "ಮೆಮೊರಿ, ಕಾರ್ಡು ಇವುಗಳ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿರ್ತಾವೆ. ಅಲ್ಲಿ ಮಾತ್ರ ಯಾರೂ ಕೈಯಿಡಬಾರದು." ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವನ್ನೂ ಕೊಟ್ಟರು. ಅವರು ಗೇಟು ದಾಟುವ ಮೊದಲೇ ಅದಕ್ಕೆ ಚುಕ್ಕೆ ಬಿತ್ತು.

ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಸಂಜೆಯವರೆಗೆ ನನ್ನ ವ್ಯಾನು ಖಾಲಿ. ಭಾವ ಮುಂದಿನ ಸೀಟಿನಲ್ಲಿ ಕೂತರು. ಮೊದಲ ಕಂಪ್ಯೂಟರ್ ಅಂಗಡಿಯವನನ್ನು ಎಲ್ಲರೂ 'ಟೈ' ಎನ್ನುತ್ತಾರೆ, ಎಂಥ ಸೆಕೆಯಲ್ಲೂ ಅವನ ಕೊರಳಲ್ಲಿ ಅದು ಇರುತ್ತದೆ. ಭಾವ ಕೌಂಟರಿನ ಮೇಲೆ ಎರಡೂ ಕೈ ಊರಿ, "ವೈಫೈ ಕಾರ್ಡ್ ತೋರಿಸಿ. ಲಿನಕ್ಸ್‌ಗೆ ಆಗಬೇಕು" ಎಂದರು.

ಟೈ ಒಂದು ಡಬ್ಬಿ ಇಟ್ಟ. "ಲಿನಕ್ಸಾ? ಎಲ್ಲಾ ನಡೆಯುತ್ತೆ ಸಾರ್."

"ಎಲ್ಲಾ?"

"ಎಲ್ಲಾ."

"ಡಬ್ಬಿ ತೆಗೀರಿ. ಒಳಗಿರೋ ಚಿಪ್ ನೋಡಬೇಕು."

"ತೆಗೆದ್ರೆ ವಾಪಸ್ ತಗೊಳ್ಳಲ್ಲ ಸಾರ್."

"ತೆಗೀದೆ ನಾನು ತಗೊಳ್ಳಲ್ಲ."

"ಡಬ್ಬಿ ಮೇಲೆ ಎಲ್ಲಾ ಬರೆದಿದೆಯಲ್ಲ ಸಾರ್."

"ಬರೆದವನು ಯಾರು? ಮುಚ್ಚಿದವನೇ ತಾನೆ?"

ಟೈ ಮಾತು ಮರೆಸುವುದಕ್ಕೆ ಒಂದು ಗ್ರಾಫಿಕ್ಸ್ ಕಾರ್ಡ್ ತಂದಿಟ್ಟ. ಇಟ್ಟಿಗೆಯಷ್ಟು ದಪ್ಪ, ಮೂರು ಫ್ಯಾನು, ಸುತ್ತ ಬಣ್ಣಬಣ್ಣದ ದೀಪ. ಫ್ಯಾನಿನ ರಿಪೇರಿಯವರಿಗೆ ಫ್ಯಾನು ತೋರಿಸಿದ್ದು ಅವನ ದುರದೃಷ್ಟ. ಭಾವ ಬೆರಳಿನಿಂದ ಒಂದು ರೆಕ್ಕೆ ತಿರುಗಿಸಿ, "ಬೇರಿಂಗ್ ಸರಿಯಿಲ್ಲ" ಎಂದರು. "ದೀಪ ಯಾಕೆ?"

"ನೋಡೋಕೆ ಚೆನ್ನಾಗಿರುತ್ತೆ ಸಾರ್."

"ಪೆಟ್ಟಿಗೆ ಒಳಗೆ ಯಾರು ನೋಡ್ತಾರೆ?"

"ಪೆಟ್ಟಿಗೆಗೆ ಗಾಜು ಹಾಕಿಸ್ಕೋಬಹುದು."

"ಪ್ರಶ್ನೆಪತ್ರಿಕೆ ಇರೋ ಪೆಟ್ಟಿಗೆಗೆ ಗಾಜು ಹಾಕಿಸ್ತಾನಂತೆ" ಎಂದು ಭಾವ ನನಗೆ ಹೇಳಿದರು. ಆಮೇಲೆ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. "ಆ ವೈಫೈ ಕಾರ್ಡನ್ನ ನಿಮ್ಮ ಕಂಪ್ಯೂಟರಿಗೆ ಹಾಕಿ. ಇದನ್ನೂ ಚುಚ್ಚಿ. ಲಿನಕ್ಸ್‌ನಲ್ಲಿ ನಡೆದ್ರೆ ತಗೋತೀನಿ."

ಟೈ ಆ ಕೆಂಪು ಚುಕ್ಕೆಯ ಪೆನ್‌ಡ್ರೈವನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಕ್ಷಮಿಸಿ ಸಾರ್. ಕಂಡವರ ಪೆನ್‌ಡ್ರೈವ್ ಚುಚ್ಚಲ್ಲ. ಒಳಗೆ ಏನಿರುತ್ತೋ ಯಾರಿಗೆ ಗೊತ್ತು."

ಭಾವನಿಗೆ ಆದ ಆಘಾತ ನಾನು ಕಣ್ಣಾರೆ ಕಂಡೆ. "ನನ್ನ ಮೇಲೆ ಅನುಮಾನ ಪಡ್ತೀಯಾ?" ಎಂದರು. ಚುಕ್ಕೆ ಶುರುವಾದ ಮೇಲೆ ಅವರು ಈ ಕೆಲಸ ಮಾಡಿದ್ದಾರೆಯೇ ಹೊರತು ಮಾಡಿಸಿಕೊಂಡಿರಲಿಲ್ಲ.

ಎರಡನೆಯ ಅಂಗಡಿ ಎದುರು ಸಾಲಿನಲ್ಲೇ ಇತ್ತು. ಹೊಸದಾಗಿ ಎ.ಸಿ. ಹಾಕಿಸಿ, ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದುದರಿಂದ ಆ ಅಂಗಡಿಯವನ ಹೆಸರೇ 'ಎ.ಸಿ.' ಎಂದಾಗಿತ್ತು. ಲಿನಕ್ಸ್ ಎಂದ ಕೂಡಲೇ ಅವನು ತಲೆ ಅಲ್ಲಾಡಿಸಿದ.

"ಅದಕ್ಕೆ ಯಾವುದೂ ನಡೆಯಲ್ಲ. ಸುಮ್ಮನೆ ತಲೆನೋವು. ಬೇರೇದು ಹಾಕಿಸ್ಕೊಳ್ಳಿ, ನಾನೇ ಹಾಕಿಕೊಡ್ತೀನಿ, ಬಿಟ್ಟಿ."

"ಯಾವುದೂ?"

"ಯಾವುದೂ ನಡೆಯಲ್ಲ."

ಭಾವ ಹೊರಗೆ ಬಂದು ವ್ಯಾನಿಗೆ ಒರಗಿ ನಿಂತರು. "ಅವನು ಎಲ್ಲಾ ನಡೆಯುತ್ತೆ ಅಂತಾನೆ. ಇವನು ಯಾವುದೂ ನಡೆಯಲ್ಲ ಅಂತಾನೆ. ಇಬ್ಬರೂ ಮಾತಾಡ್ಕೊಂಡಿದ್ದಾರೆ."

"ಮಾತಾಡ್ಕೊಂಡಿದ್ರೆ ಇಬ್ಬರೂ ಒಂದೇ ಮಾತು ಹೇಳ್ತಿರಲಿಲ್ವಾ ಭಾವ?"

"ಹಾಗೆ ನೀನು ಅಂದ್ಕೊಳ್ಳಲಿ ಅಂತಲೇ ಬೇರೆ ಬೇರೆ ಹೇಳಿದ್ದು."

ನನಗೆ ರೇಗಿಹೋಯಿತು. ಪಕ್ಕದಲ್ಲಿ ಹಣ್ಣು ಮಾರುವವಳನ್ನು ಕರೆದು, ಈ ಇಬ್ಬರಿಗೂ ಏನಮ್ಮ ಸಂಬಂಧ ಎಂದು ಕೇಳಿದೆ, ಭಾವನ ಬಾಯಿ ಮುಚ್ಚಿಸೋಣ ಎಂದು. ಅವಳು, "ಗೊತ್ತಿಲ್ವಾ? ಒಡಹುಟ್ಟಿದ ಅಣ್ಣತಮ್ಮ. ಅಂಗಡಿ ಪಾಲಾದಾಗಿಂದ ಮಾತಿಲ್ಲ, ಕತೆಯಿಲ್ಲ" ಎಂದಳು. ಭಾವ ವ್ಯಾನಿನ ಬಾಗಿಲು ತೆಗೆದು, ಕೂತು, ಸೀಟ್ ಬೆಲ್ಟ್ ಹಾಕಿಕೊಂಡು, ಮನೆ ತಲುಪುವವರೆಗೂ ಸಣ್ಣಗೆ ನಗುತ್ತಿದ್ದರು.

ಮಾರನೆಯ ದಿನದಿಂದ ಭಾವನ ಹೊಸ ವ್ಯೂಹ ಜಾರಿಗೆ ಬಂತು. ಒಂದು ಭಾಗ ಒಬ್ಬನಲ್ಲಿ, ಇನ್ನೊಂದು ಭಾಗ ಮತ್ತೊಬ್ಬನಲ್ಲಿ. ಯಾರಿಗೂ ಪೂರ್ತಿ ಕಂಪ್ಯೂಟರು ಏನೆಂದು ತಿಳಿಯಬಾರದು. ಪ್ರೊಸೆಸರನ್ನು ಟೈ ಹತ್ತಿರ ಕೊಂಡರು. ಅದನ್ನು ಕೂರಿಸುವ ಮದರ್‌ಬೋರ್ಡನ್ನು ಎ.ಸಿ. ಹತ್ತಿರ ಕೊಳ್ಳಲು ಹೋದರು.

"ಯಾವ ಪ್ರೊಸೆಸರ್ ಸಾರ್ ನಿಮ್ಮದು?" ಎಂದ ಎ.ಸಿ.

"ಅದು ನಿಮಗ್ಯಾಕೆ?"

"ಅದಕ್ಕೆ ಹೊಂದೋ ಬೋರ್ಡ್ ಕೊಡಬೇಕಲ್ಲ."

"ನೀವು ಬೋರ್ಡ್ ತೋರಿಸಿ. ಹೊಂದುತ್ತಾ ಇಲ್ವಾ ನಾನು ನೋಡ್ಕೋತೀನಿ."

ಎ.ಸಿ. ಬೋರ್ಡುಗಳನ್ನು ಸಾಲಾಗಿ ಇಟ್ಟ. ಭಾವ ಅವನಿಗೆ ಬೆನ್ನು ತಿರುಗಿಸಿ, ಜೇಬಿನಿಂದ ಪ್ರೊಸೆಸರಿನ ಪೊಟ್ಟಣ ತೆಗೆದು, ಕರವಸ್ತ್ರದ ಮರೆಯಲ್ಲಿ ಪ್ರತಿ ಬೋರ್ಡಿನ ಗೂಡಿಗೂ ಹೋಲಿಸಿ ನೋಡತೊಡಗಿದರು. ಎ.ಸಿ. ಇಣುಕಿದರೆ ಭಾವ ತಿರುಗುತ್ತಿದ್ದರು. ಅವನು ಈ ಕಡೆ ಬಂದರೆ ಇವರು ಆ ಕಡೆ. ಅಂಗಡಿಗೆ ಬಂದಿದ್ದ ಒಬ್ಬ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೊನೆಗೆ ಎ.ಸಿ. ಕೈಮುಗಿದು, "ಸಾರ್, ನಾನು ಕಣ್ಣು ಮುಚ್ಕೋತೀನಿ" ಎಂದ. ಮುಚ್ಚಿಕೊಂಡ. ನಾಚಿಕೆಯಿಂದ ನಾನೂ ಮುಚ್ಚಿಕೊಂಡೆ. ಹೇಗೋ ಬೋರ್ಡು ಹೊಂದಿತು.

ಮೆಮೊರಿ ಹೊಂದಲಿಲ್ಲ. ಅದನ್ನು ಟೈ ಹತ್ತಿರ ಕೊಂಡಾಗ, ಬೋರ್ಡ್ ಯಾವುದೆಂದು ಭಾವ ಹೇಳಲೇ ಇಲ್ಲ. ಟೈ ಹೊಸ ತಲೆಮಾರಿನದು ಕೊಟ್ಟ, ಬೋರ್ಡು ಹಳೆಯ ತಲೆಮಾರಿನದು. ನಡುವಿನ ಕಚ್ಚು ಒಂದಿಷ್ಟು ಪಕ್ಕಕ್ಕಿತ್ತು, ಗೂಡಿನಲ್ಲಿ ಕೂರಲಿಲ್ಲ. ಬದಲಾಯಿಸಿಕೊಡು ಎಂದು ಹೋದರೆ ಟೈ ಅದನ್ನು ಬೆಳಕಿಗೆ ಹಿಡಿದ.

"ಲೇಬಲ್ ಮೇಲೆ ಏನೋ ಕೆಂಪು ಇದೆಯಲ್ಲ ಸಾರ್."

"ಅದು ನನ್ನ ಗುರುತು."

"ಗುರುತು ಹಾಕಿದ್ಮೇಲೆ ಅದು ನಿಮ್ಮದೇ ಅಲ್ವಾ. ನಾನು ಹೇಗೆ ತಗೊಳ್ಳಲಿ?"

ಇಲ್ಲಿ ನನ್ನ ತಾಳ್ಮೆ ತಪ್ಪಿತು. ತಪ್ಪುವುದಕ್ಕೆ ಅದು ಹೆಚ್ಚು ದೂರ ಹೋಗಬೇಕಾಗಿಯೂ ಇರಲಿಲ್ಲ. ಬೀದಿಗೆ ಕೇಳುವ ಹಾಗೆ ನಾಲ್ಕು ಮಾತು ಆಡಿದೆ. ಬೇರೆ ಗಿರಾಕಿಗಳು ತಿರುಗಿ ನೋಡಿದರು. ಟೈ ಕೊರಳಿನ ಗಂಟು ಸಡಿಲಿಸಿಕೊಂಡು, ಉಗುರಿನಿಂದ ಚುಕ್ಕೆ ಕೆರೆದು, ಸರಿಯಾದ ಮೆಮೊರಿ ಕೊಟ್ಟ. ಕೊಡುವಾಗ ಮಾತ್ರ ಒಂದು ಕುಟುಕು ಬಿಟ್ಟ.

"ಸಾರ್, ಎಲ್ಲರಿಗೂ ಕಾಣೋ ಗುರುತಿನಿಂದ ಏನು ಪ್ರಯೋಜನ? ನೇಲ್ ಪಾಲಿಶ್ ಪಕ್ಕದ ಅಂಗಡೀಲೂ ಸಿಗುತ್ತೆ. ಬದಲಾಯಿಸೋನು ಅಂಥದ್ದೇ ಒಂದು ಚುಕ್ಕೆ ಹಾಕಿಬಿಟ್ರೆ?"

ಅವನು ಹೇಳಿದ್ದು ತಮಾಷೆಗೆ. ಭಾವ ಬಿಳಿಚಿಕೊಂಡರು. ವ್ಯಾನಿನಲ್ಲಿ ಒಂದೇ ಮಾತು: "ಅವನು ಹೇಳಿದ್ದು ಸರಿ. ಯಾರೂ ಕೈಯಿಡದ ಜಾಗದಲ್ಲಿ ಹಾಕಬೇಕು."

ವೈಫೈ ಕಾರ್ಡ್ ಕತೆ ಇನ್ನೂ ಉದ್ದ. ಸರಿಯಾದ ಚಿಪ್ ಇರುವ ಹಳೇ ಮಾಲು ಹುಡುಕಿಕೊಂಡು ವ್ಯಾನು ಎಲ್ಲೆಲ್ಲಿ ಹೋಗಿಬಂತು ಎನ್ನುವುದನ್ನು ನನ್ನ ಡೀಸೆಲ್ ಹೇಳಬೇಕು. ಕೊನೆಗೆ ಒಂದು ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಡಬ್ಬಿಯಲ್ಲಿ ಅದು ಸಿಕ್ಕಿತು. ಭಾವ ಅದನ್ನು ಅಂಗಿಯ ಒಳಗೆ ಇಟ್ಟುಕೊಂಡು ಬಂದರು.

ಇಷ್ಟರಲ್ಲಿ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡಿದ್ದರು. ಬೇರೆಯವರ ಪೊಟ್ಟಣ ನೋಡಿಯೇ ಬದುಕಿದ ಮನುಷ್ಯ, ಅಭ್ಯಾಸ ಬಿಟ್ಟಿರಲಿಲ್ಲ. ದಿನಕ್ಕೊಂದು ಡಬ್ಬಿ, ಒಂದು ಕರವಸ್ತ್ರದಲ್ಲಿ, ಒಂದು ಅಂಗಿಯೊಳಗೆ. ಅವರು ನನ್ನನ್ನು ಗೇಟಿನಲ್ಲಿ ತಡೆದರು.

"ಏನಪ್ಪಾ, ನಿಮ್ಮ ಭಾವ ಏನು ತರ್ತಾ ಇದ್ದಾರೆ?"

"ಕಂಪ್ಯೂಟರ್."

"ಕಂಪ್ಯೂಟರ್ ಒಂದೇ ಸಲ ಬರುತ್ತಲ್ಲ."

"ಇದು ಬಿಡಿಬಿಡಿಯಾಗಿ ಬರುತ್ತೆ."

"ಓಹೋ" ಎಂದರು. ಆ 'ಓಹೋ' ಎಷ್ಟು ದೂರ ಹೋಯಿತೆಂದರೆ, ಮಾರನೆಯ ಬೆಳಗಿನ ವಾಕಿಂಗಿನಲ್ಲಿ ಹೆಡ್‌ಮೇಡಂ ಕಿವಿ ಸೇರಿತು. ಪ್ರಶ್ನೆಪತ್ರಿಕೆ ಮಾಡುವ ಮನೆಗೆ ಏನೇನೋ ಗುಟ್ಟಾಗಿ ಬರುತ್ತಿದೆಯಂತೆ, ಕೆಂಪು ಗುರುತು ಹಾಕಿದ ಡಬ್ಬಿಗಳಂತೆ.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಬಂದರು. ಅಕ್ಕ ಮೇಜು ಒರೆಸಿಟ್ಟಿದ್ದಳು. ಅವಳ ಮುಖದಲ್ಲಿ ವಾರದ ನಿದ್ದೆ ಬಾಕಿಯಿತ್ತು. ಭಾವ ಭೂತಗನ್ನಡಿ ಹಿಡಿದು ಮೇಷ್ಟ್ರ ಭುಜದ ಮೇಲಿಂದ ಬಗ್ಗಿ, ಆ ಬೆರಳುಗಳು ಹೋದಲ್ಲೆಲ್ಲ ತಾವೂ ಹೋದರು. ಬೋರ್ಡ್ ಕೂತಿತು, ಪ್ರೊಸೆಸರ್ ಕೂತಿತು. ಮೆಮೊರಿಗೆ ಕೈಚಾಚಿದಾಗ ಭಾವ ತಡೆದರು.

"ಇದನ್ನೂ ವೈಫೈನೂ ನಾನೇ ಹಾಕ್ತೀನಿ. ನೀವು ಆ ಕಡೆ ನೋಡಿ."

"ಯಾಕೆ?"

"ನೋಡಿ ಅಂದೆ."

ಮೇಷ್ಟ್ರು ಗೋಡೆ ನೋಡಿದರು. ಭಾವ ಎರಡನ್ನೂ ಗೂಡಿಗೆ ಒತ್ತಿ ಕೂರಿಸಿದರು. ಸ್ವಿಚ್ ಹಾಕಿದರು. ಪೆಟ್ಟಿಗೆಯ ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಉಳಿಯಿತು. ಒಳಗಿನಿಂದ ಪೀಂ, ಪೀಂ, ಪೀಂ ಎಂದು ಒಂದೇ ಸಮನೆ ಕೂಗು.

"ಮೆಮೊರಿ ಸಿಗ್ತಿಲ್ಲ ಅಂತ ಕೂಗ್ತಿದೆ" ಎಂದರು ಮೇಷ್ಟ್ರು.

ಭಾವ ನೆಟ್ಟಗೆ ನಿಂತರು. ಈ ಗಳಿಗೆಗಾಗಿ ಅವರು ಹುಟ್ಟಿದ ಹಾಗಿತ್ತು. "ಬದಲಾಯಿಸಿದ್ದಾರೆ."

"ತೆಗೀರಿ, ನೋಡೋಣ."

"ತೆಗೆಯಲ್ಲ. ಕೊಟ್ಟವರ ಎದುರಿಗೇ ತೆಗೀಬೇಕು. ಇಲ್ಲಾಂದ್ರೆ ನಾನೇ ಬದಲಾಯಿಸ್ದೆ ಅಂತಾರೆ."

ಆಗ ನಾನು ಮಾಡಬೇಕಾದದ್ದು, ಒಂದು ಲೋಟ ನೀರು ಕುಡಿದು ಕೂರುವುದು. ಮಾಡಿದ್ದು, ವ್ಯಾನ್ ಹತ್ತಿದ್ದು. ಅಕ್ಕನ ಕಣ್ಣಲ್ಲಿ ನೀರು ತಿರುಗುವುದನ್ನು ಕಂಡ ಮೇಲೆ ನನಗೆ ಯಾವ ತರ್ಕವೂ ಬೇಕಿರಲಿಲ್ಲ. ಟೈಯನ್ನು ಅವನ ಮನೆಯಿಂದ, ಎ.ಸಿ.ಯನ್ನು ಅವನ ಮನೆಯಿಂದ ಹೊರಡಿಸಿ ತಂದೆ. ಶಿಶುವಿಹಾರದ ಮಕ್ಕಳು ಕೂರುವ ಗಿಡ್ಡ ಸೀಟಿನಲ್ಲಿ ಅಣ್ಣತಮ್ಮ ಇಬ್ಬರೂ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಒಬ್ಬ ಆ ಕಿಟಕಿ, ಒಬ್ಬ ಈ ಕಿಟಕಿ ನೋಡುತ್ತ ಬಂದರು.

ಗೇಟಿನ ಮುಂದೆ ವ್ಯಾನ್ ನಿಲ್ಲಿಸಿದಾಗ ಹೆಡ್‌ಮೇಡಂ ಸ್ಕೂಟರ್ ಅಲ್ಲಿ ನಿಂತಿತ್ತು. ಸೋಮವಾರ ಬರಬೇಕಾದವರು ಭಾನುವಾರವೇ ಬಂದಿದ್ದರು. ಹೇಳದೆ. ಹಿಂದೆಯೇ ಪೋಸ್ಟ್‌ಮಾಸ್ಟರ್, ತಮ್ಮ ಕುರ್ಚಿ ತಾವೇ ಎತ್ತಿಕೊಂಡು.

"ನನಗೆ ಕೆಲವು ಮಾತು ಕಿವಿಗೆ ಬಿತ್ತು" ಎಂದರು ಮೇಡಂ, ಕೋಣೆಯ ನಡುವೆ ನಿಂತು. ಪೆಟ್ಟಿಗೆ ಪೀಂ ಪೀಂ ಎನ್ನುತ್ತಲೇ ಇತ್ತು. "ಇದು ಯಾಕೆ ಹೀಗೆ ಅಳ್ತಿದೆ?"

"ಕಳ್ಳತನ ಆಗಿದೆ ಮೇಡಂ" ಎಂದರು ಭಾವ. "ಈಗ ನಿಮ್ಮೆಲ್ಲರ ಎದುರು ತೋರಿಸ್ತೀನಿ. ಇವರಿಬ್ಬರಲ್ಲಿ ಒಬ್ಬರು ನನ್ನ ಮೆಮೊರಿ ಬದಲಾಯಿಸಿದ್ದಾರೆ."

"ನಾನು ಯಾಕೆ ಬದಲಾಯಿಸ್ಲಿ" ಎಂದ ಟೈ.

"ಅವನು ಬದಲಾಯಿಸಿರ್ತಾನೆ" ಎಂದ ಎ.ಸಿ., ಅಣ್ಣನ ಕಡೆ ನೋಡದೆ.

ಅಕ್ಕ ಸ್ವಿಚ್ ಆರಿಸಿದಳು. ಕೋಣೆ ನಿಶ್ಶಬ್ದವಾಯಿತು. ಭಾವ ಮುಚ್ಚಳ ತೆಗೆದು, ಮೆಮೊರಿ ಪಟ್ಟಿಯನ್ನು ಎಳೆದು, ಅಂಗೈ ಮೇಲಿಟ್ಟು ಎಲ್ಲರೆದುರು ಚಾಚಿದರು. "ನನ್ನ ಚುಕ್ಕೆ ಇಲ್ಲದಿದ್ರೆ..." ಎಂದು ಶುರು ಮಾಡಿ ತಾವೂ ನೋಡಿದರು.

ಚುಕ್ಕೆ ಇತ್ತು. ಚಿನ್ನದ ಹಲ್ಲುಗಳ ಮೇಲೆ, ನಾಲ್ಕೈದು ಹಲ್ಲು ಮುಚ್ಚುವಷ್ಟು ದಪ್ಪಗೆ, ಕೆಂಪಗೆ, ಒಂದಿಷ್ಟೂ ಒಡೆಯದೆ.

"ಬದಲಾಯಿಸಿಲ್ಲ" ಎಂದರು ಭಾವ. ಅವರ ಧ್ವನಿಯಲ್ಲಿ ಅಂಥ ನಿರಾಶೆ ನಾನು ಕೇಳಿರಲಿಲ್ಲ. "ಇದು ನನ್ನದೇ."

ಮೇಷ್ಟ್ರು ಹತ್ತಿರ ಬಂದರು. "ಹಲ್ಲಿನ ಮೇಲೆ ಯಾಕೆ ಹಾಕಿದ್ರಿ?"

"ಅಲ್ಲಿ ಯಾರೂ ಕೈಯಿಡಲ್ಲ ಅಂತ ನೀವೇ ಹೇಳಿದ್ರಲ್ಲ."

ಮೇಷ್ಟ್ರು ಪೋಸ್ಟ್‌ಮಾಸ್ಟರರ ಕುರ್ಚಿಯಲ್ಲಿ ಕೂತುಬಿಟ್ಟರು. ಅಕ್ಕನೇ ಮುಂದೆ ಬಂದಳು.

"ರೀ, ಒಂದು ಮಾತು ಕೇಳ್ಲಾ? ಮಿಕ್ಸಿ ಮೋಟರಿನ ತಂತಿ ಸುತ್ತಿ ಆದ್ಮೇಲೆ ಮೇಲೆ ವಾರ್ನಿಷ್ ಬಳೀತೀರಲ್ಲ, ಯಾಕೆ?"

"ಇದೆಂಥ ಪ್ರಶ್ನೆ ಈಗ?"

"ಹೇಳಿ."

"ಬಳೀದಿದ್ರೆ ಒಂದು ತಂತಿಯಿಂದ ಇನ್ನೊಂದು ತಂತಿಗೆ ಕರೆಂಟ್ ಹಾಯುತ್ತೆ. ವಾರ್ನಿಷ್ ಒಣಗಿದ ಕಡೆ ಕರೆಂಟ್..."

ಭಾವ ಅಲ್ಲಿಗೆ ನಿಂತರು. ಅಂಗೈಯಲ್ಲಿದ್ದ ಪಟ್ಟಿಯನ್ನು ನೋಡಿದರು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರು, ಅದರಿಂದ ಚುಕ್ಕೆ ದೊಡ್ಡದಾಯಿತಷ್ಟೆ. ಟೈ ಮೊದಲು ನಕ್ಕ. ಎ.ಸಿ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಪೋಸ್ಟ್‌ಮಾಸ್ಟರ್ ಏನಾಯಿತು, ಏನಾಯಿತು ಎಂದು ಎಲ್ಲರನ್ನೂ ಕೇಳತೊಡಗಿದರು. ನಾನು ನಗಲಿಲ್ಲ. ಭಾನುವಾರ ಇಬ್ಬರನ್ನು ಮನೆಯಿಂದ ಹೊರಡಿಸಿ ತಂದವನು ನಾನು. ನನಗೆ ನಗುವ ಹಕ್ಕಿರಲಿಲ್ಲ.

ಅಕ್ಕ ಭಾವನ ಅಂಗಡಿಯಿಂದ ಬಣ್ಣ ಕರಗಿಸುವ ಥಿನ್ನರ್ ತಂದು, ಬಿಳಿ ಬಟ್ಟೆಯ ಚೂರಿಗೆ ಹಚ್ಚಿ, ಒಂದೊಂದೇ ಹಲ್ಲು ಒರೆಸಿದಳು. ಬಟ್ಟೆ ಕೆಂಪಾಯಿತು, ಹಲ್ಲು ಹೊಳೆಯಿತು. ಚೆನ್ನಾಗಿ ಆರಲು ಬಿಟ್ಟು, ತಾನೇ ಗೂಡಿಗೆ ಕೂರಿಸಿ ಸ್ವಿಚ್ ಹಾಕಿದಳು.

ಪೆಟ್ಟಿಗೆ ಒಂದೇ ಸಲ ಸಣ್ಣಗೆ ಪೀಂ ಎಂದು ಸುಮ್ಮನಾಯಿತು. ಪರದೆ ಬೆಳಗಿತು. ಮೇಷ್ಟ್ರು ಪೆನ್‌ಡ್ರೈವ್ ಚುಚ್ಚಿ ಲಿನಕ್ಸ್ ಹಾಕಿದರು. ಅದು ಮುಗಿಯುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ಅಕ್ಕ ಹಳೆಯ ಪ್ರಿಂಟರ್ ತಂತಿ ಸಿಕ್ಕಿಸಿ, ಹೋದ ಸಲ ಚೌಕಗಳಾಗಿದ್ದ ಗಣಿತದ ಮೊದಲ ಪ್ರಶ್ನೆಯನ್ನೇ ಟೈಪ್ ಮಾಡಿ ಅಚ್ಚು ತೆಗೆದಳು. ಹೆಡ್‌ಮೇಡಂ ಕಾಗದ ತಗೊಂಡು ಓದಿದರು. ಅಕ್ಷರಗಳೆಲ್ಲ ಅಕ್ಷರಗಳೇ ಆಗಿದ್ದವು.

"ಸರಿ. ಪತ್ರಿಕೆಗಳು ನಿಮ್ಮಲ್ಲೇ" ಎಂದರು ಮೇಡಂ. ಅಕ್ಕ ಉಸಿರು ಬಿಟ್ಟಳು. ಮೇಡಂ ಮಾತ್ರ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. "ಇದರಲ್ಲಿ ಇಂಟರ್ನೆಟ್ ಇದೆಯಾ?"

ಭಾವನಿಗೆ ಜೀವ ಬಂತು. "ಇದೆ ಮೇಡಂ. ವೈಫೈ ಕಾರ್ಡ್. ಹಳೇ ಮಾಲು, ಸರಿಯಾದ ಚಿಪ್. ಅದಕ್ಕಾಗಿ ನಾವು ಸುತ್ತದ ಊರಿಲ್ಲ..."

"ತೆಗೀರಿ."

"ಏನು?"

"ಪ್ರಶ್ನೆಪತ್ರಿಕೆ ಇರೋ ಕಂಪ್ಯೂಟರಿಗೆ ಹೊರಗಿನ ಗಾಳಿಯೂ ತಾಗಬಾರದು. ತೆಗೀರಿ ಅದನ್ನ. ನಾನು ಯಾರನ್ನೂ ನಂಬಲ್ಲ."

ಭಾವ ಅವರನ್ನು ಹೊಸದಾಗಿ ನೋಡಿದರು. ಬಹುದಿನ ಕಾಣದ ಬಂಧುವನ್ನು ಕಂಡ ಹಾಗೆ. ಮರುಮಾತಾಡದೆ ಕಾರ್ಡ್ ಕಿತ್ತು ಜೇಬಿಗಿಟ್ಟರು. ಅದರ ಹಲ್ಲಿನ ಮೇಲೂ ಕೆಂಪಿತ್ತು. ಹೇಗೂ ಅದು ನಡೆಯುತ್ತಿರಲಿಲ್ಲ.

"ಇನ್ನೊಂದು" ಎಂದರು ಮೇಡಂ. "ನಾಳೆ ಯಾರಾದ್ರೂ ಇದರ ಮುಚ್ಚಳ ಬಿಚ್ಚಿ ಏನಾದ್ರೂ ಸೇರಿಸಿದ್ರೆ ನನಗೆ ಹೇಗೆ ಗೊತ್ತಾಗಬೇಕು?"

ಕೋಣೆಯಲ್ಲಿ ಎಲ್ಲರೂ ಭಾವನನ್ನು ನೋಡಿದರು. ಭಾವ ಮೆಲ್ಲಗೆ, ಅವಸರವಿಲ್ಲದೆ, ಅಂಗಿಯ ಜೇಬಿನಿಂದ ಕೆಂಪು ಬಾಟಲಿ ತೆಗೆದರು. ಮುಚ್ಚಳ ತಿರುಗಿಸುವಷ್ಟರಲ್ಲಿ ಅಕ್ಕ ಅದನ್ನು ಅವರ ಕೈಯಿಂದ ತಗೊಂಡಳು.

"ಇದು ನನ್ನ ಕಂಪ್ಯೂಟರ್. ನಾನು ಹಾಕ್ತೀನಿ."

ಪೆಟ್ಟಿಗೆಯ ಹಿಂದಿನ ಸ್ಕ್ರೂಗಳ ಮೇಲೆ ಒಂದೊಂದು ಚುಕ್ಕೆ ಇಟ್ಟಳು. ಮೇಡಂ ಬಗ್ಗಿ ನೋಡಿ, ಇದು ಒಳ್ಳೆ ಏರ್ಪಾಟು ಎಂದು ಹೇಳಿ ಹೋದರು. ಬಾಟಲಿಯನ್ನು ಅಕ್ಕ ಭಾವನಿಗೆ ತಿರುಗಿ ಕೊಡಲಿಲ್ಲ.

ಟೈ ಮತ್ತು ಎ.ಸಿ.ಯನ್ನು ವಾಪಸು ಬಿಟ್ಟುಬರುವ ದಂಡ ನನ್ನದು. ದಾರಿಯಲ್ಲಿ ಟೈ, "ಕಣ್ಣು ಮುಚ್ಕೊಂಡ್ಯಂತೆ?" ಎಂದ. ಎ.ಸಿ., "ನಿನಗೆ ಪೆನ್‌ಡ್ರೈವ್ ತೋರಿಸಿದ್ರಂತೆ?" ಎಂದ. ಅಷ್ಟೇ ಸಾಕಾಯಿತು. ಅಂಗಡಿ ಪಾಲಾದ ದಿನದಿಂದ ಬಾಕಿಯಿದ್ದ ಮಾತನ್ನೆಲ್ಲ ಆ ಗಿಡ್ಡ ಸೀಟಿನಲ್ಲಿ ಕೂತು ಆಡಿದರು, ಎಲ್ಲವೂ ನಮ್ಮ ಭಾವನ ಮೇಲೆಯೇ. ಇಬ್ಬರೂ ಒಂದೇ ಮನೆಯ ಮುಂದೆ ಇಳಿದರು. ಇದನ್ನು ಭಾವನಿಗೆ ನಾನು ಈವರೆಗೆ ಹೇಳಿಲ್ಲ. ಹೇಳಿದರೆ, ನಾನು ಮೊದಲೇ ಹೇಳಿರಲಿಲ್ಲವೇ ಎನ್ನುತ್ತಾರೆ.

ಸೋಮವಾರ ಮಧ್ಯಾಹ್ನ ಊಟಕ್ಕೆ ಹೋದೆ. ಅಕ್ಕ ಹೊಸ ಕಂಪ್ಯೂಟರಿನ ಮುಂದೆ ಕೂತು ಪಟಪಟನೆ ಟೈಪ್ ಮಾಡುತ್ತಿದ್ದಳು. ಕೀಲಿಗಳ ಮೇಲೆ ಹತ್ತು ಕೆಂಪು ಉಗುರುಗಳು ಕುಣಿಯುತ್ತಿದ್ದವು. ಭಾವ ಬಾಗಿಲಲ್ಲಿ ನಿಂತು ಅವನ್ನೇ ನೋಡುತ್ತಿದ್ದರು, ಕಣ್ಣು ಕಿರಿದು ಮಾಡಿಕೊಂಡು, ರಿಪೇರಿಗೆ ಬಂದ ಗುರುತಿಲ್ಲದ ಮೋಟರನ್ನು ನೋಡುವ ಹಾಗೆ.

"ಇದೇನೇ ಇದು?" ಎಂದರು ಕೊನೆಗೆ.

ಅಕ್ಕ ತಲೆ ಎತ್ತಲಿಲ್ಲ. ಟೈಪಿಂಗ್ ನಿಲ್ಲಿಸಲಿಲ್ಲ.

"ಗುರುತು. ಸಂಜೆ ನೀವು ಅಂಗಡಿಯಿಂದ ಬಂದಾಗ, ಯಾರೋ ನನ್ನನ್ನೂ ಬದಲಾಯಿಸಿದ್ದಾರೆ ಅಂತ ಅನ್ನಬಾರದಲ್ಲ."